ತೋಳಿನ ಮೇಲೆ 14 ದಿನ: ಒಂದು ಗ್ಲೂಕೋಸ್ ಸೆನ್ಸರ್‌ನ ವಿಮರ್ಶೆ

ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರ್ ಆ ಕ್ಷಣದ ಅಂಕಿಯನ್ನಷ್ಟೇ ಹೇಳುತ್ತದೆ; ಊಟವಾದ ಮೇಲೆ ಸಕ್ಕರೆ ಹೇಗೆ ಏರಿ ಹೇಗೆ ಇಳಿಯಿತೆಂಬುದು ಅದರಿಂದ ತಿಳಿಯುವುದಿಲ್ಲ. ಆರು ವರ್ಷದಿಂದ ಟೈಪ್ 2 ಮಧುಮೇಹವಿರುವ ನಾನು ಅದನ್ನು ನೋಡಲೆಂದೇ ಸುಮಾರು 5,000 ರೂಪಾಯಿ ಕೊಟ್ಟು, 14 ದಿನ ಬಾಳುವ ಸೆನ್ಸರ್ ಒಂದನ್ನು ಎಡತೋಳಿನ ಹಿಂಭಾಗಕ್ಕೆ ಅಂಟಿಸಿಕೊಂಡೆ. ನೋವು ಇರುವೆ ಕಚ್ಚಿದಷ್ಟು.

ಒಂದು ಮಧ್ಯಾಹ್ನ ಮೊದಲು ಅನ್ನ-ಸಾರು ಉಂಡು, ಕೊನೆಗೆ ಹೆಸರುಕಾಳಿನ ಪಲ್ಯ ತಿಂದೆ. ಮರುದಿನ ಅದೇ ಊಟವನ್ನು ಅಷ್ಟೇ ಅಳತೆಯಲ್ಲಿ ಬಡಿಸಿಕೊಂಡು, ಪಲ್ಯ ಮುಗಿಸಿ ಹತ್ತು ನಿಮಿಷ ಬಿಟ್ಟು ಅನ್ನಕ್ಕೆ ಕೈ ಹಾಕಿದೆ. ಮೊದಲ ದಿನ 238ರವರೆಗೆ ಏರಿದ್ದ, ಸೆನ್ಸರ್ ತೋರಿಸುವ ಸಕ್ಕರೆಯ ಗೆರೆ ಎರಡನೆಯ ದಿನ 187ಕ್ಕೇ ಬಾಗಿತು. ಎರಡು ದಿನದ ಲೆಕ್ಕ ಪುರಾವೆಯಲ್ಲವೆಂದು ಮತ್ತೆರಡು ಬಾರಿ ಮಾಡಿ ನೋಡಿದರೂ ಹೆಚ್ಚು ಕಡಿಮೆ ಹಾಗೆಯೇ ಬಂತು.

ಇದಕ್ಕೆ ಕಾರಣ ಹೊಟ್ಟೆಯಲ್ಲೇ ಇದೆ. ಮೊದಲು ಒಳಹೋದ ನಾರು ಮತ್ತು ಪ್ರೋಟೀನು ಜಠರ ಖಾಲಿಯಾಗುವ ವೇಗವನ್ನು ತಗ್ಗಿಸುತ್ತವೆ. ಅದರ ಜೊತೆಗೆ ಕರುಳಿನ ಎಲ್ ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸುರಿಸಿ, ಸಕ್ಕರೆ ಏರುತ್ತಿರುವಾಗ ಇನ್ಸುಲಿನ್ ಬಿಡುವಂತೆ ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸುತ್ತವೆ. ರಕ್ತದ ಸಕ್ಕರೆ ಒಂದೇ ಮಟ್ಟದಲ್ಲಿದ್ದರೂ, ಗ್ಲೂಕೋಸನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟಾಗಿನದಕ್ಕಿಂತ ಬಾಯಿಯ ಮೂಲಕ ಕೊಟ್ಟಾಗ ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆಂದು 1960ರ ದಶಕದಲ್ಲೇ ಕಂಡುಕೊಂಡಿದ್ದರು. ಜಿಎಲ್‌ಪಿ-1ರಂಥ ಕರುಳಿನ ಹಾರ್ಮೋನುಗಳಿಂದ ಆಗುವ ಇದೇ ಇನ್‌ಕ್ರೆಟಿನ್ ಪರಿಣಾಮ. ನಮ್ಮಂಥ ಟೈಪ್ 2 ರೋಗಿಗಳಲ್ಲಿ ಇದು ಕುಗ್ಗಿರುತ್ತದೆ. ಜಿಎಲ್‌ಪಿ-1 ರಕ್ತಕ್ಕೆ ಸೇರಿದ ಒಂದೆರಡು ನಿಮಿಷದಲ್ಲೇ ಅದರ ಅರ್ಧದಷ್ಟನ್ನು ಡಿಪಿಪಿ-4 ಎಂಬ ಕಿಣ್ವ ಮುರಿದುಹಾಕುತ್ತದೆ. ನಾನು ದಿನವೂ ನುಂಗುವ ಗ್ಲಿಪ್ಟಿನ್ ಮಾತ್ರೆ ತಡೆಯುವುದು ಈ ಕಿಣ್ವವನ್ನೇ ಎಂಬುದು, ನಾಚಿಕೆಯ ಮಾತು, ಈ ಗೆರೆಯ ಬೆನ್ನು ಹತ್ತಿದ ಮೇಲೆಯೇ ನನಗೆ ತಿಳಿದದ್ದು.

ಸೆನ್ಸರ್ ತೋರಿಸುವುದು ಸಕ್ಕರೆಯನ್ನು ಮಾತ್ರ, ಇನ್ಸುಲಿನ್ನನ್ನಲ್ಲ. ಅದೂ ರಕ್ತದ್ದಲ್ಲ, ಚರ್ಮದಡಿಯ ಕೋಶಗಳ ನಡುವಿನ ದ್ರವದ್ದು. ಆದ್ದರಿಂದ ಅಂಕಿ ಕೆಲವು ನಿಮಿಷ ಹಿಂದೆ ಬೀಳುತ್ತದೆ. ಒಂದು ರಾತ್ರಿ ಎರಡೂವರೆಗೆ 58 ಎಂದು ಬಡಿದೆಬ್ಬಿಸಿತು. ಗಾಬರಿಯಿಂದ ಬೆರಳು ಚುಚ್ಚಿ ನೋಡಿದರೆ 104. ಎಡಮಗ್ಗುಲಾಗಿ ಮಲಗಿ ಸೆನ್ಸರನ್ನೇ ಒತ್ತಿದ್ದೆ. ಒಂಬತ್ತನೆಯ ದಿನ ಸ್ನಾನದ ನಂತರ ಅಂಚು ಎದ್ದು, ಮೇಲೊಂದು ಪ್ಲಾಸ್ಟರ್ ಹಾಕಬೇಕಾಯಿತು.

ಇನ್ಸುಲಿನ್ ಚುಚ್ಚಿಕೊಳ್ಳದ ನನ್ನಂಥವರಿಗೆ ಪ್ರತಿ ತಿಂಗಳೂ ಇದು ಬೇಕಿಲ್ಲ, ಆ ಬೆಲೆಗಂತೂ ಅಲ್ಲ. ವರ್ಷಕ್ಕೊಮ್ಮೆ, ಅಥವಾ ವೈದ್ಯರು ಮಾತ್ರೆ ಬದಲಿಸಿದಾಗ, ಮತ್ತೆ ಕೊಳ್ಳುತ್ತೇನೆ; ಆಗ ಬಲತೋಳಿಗೆ ಹಾಕಿಸಿಕೊಳ್ಳುತ್ತೇನೆ.