ಪೊಟ್ಯಾಶಿಯಂ ಜಾಸ್ತಿ ಅಂತ ರಿಪೋರ್ಟ್ ಬಂದರೆ, ರಕ್ತ ತೆಗೆದ ಟೈಮ್ ನೋಡಿ

ಆಳಂದ, ಅಫಜಲಪುರ, ಚಿಂಚೋಳಿ ಕಡೆಯವರು ಇದನ್ನು ದಯವಿಟ್ಟು ಪೂರ್ತಿ ಓದಿ. ನಮ್ಮ ತಾಲೂಕು ಊರುಗಳಲ್ಲಿ ಈಗ ಎಲ್ಲಿ ನೋಡಿದರೂ ಕಲೆಕ್ಷನ್ ಸೆಂಟರ್. ಬೋರ್ಡ್ ಮೇಲೆ ಲ್ಯಾಬ್ ಅಂತಲೇ ಬರೆದಿರುತ್ತಾರೆ. ಒಳಗೆ ಹೋದರೆ ಒಂದು ಕುರ್ಚಿ, ಒಂದು ಟೇಬಲ್, ಒಂದು ಐಸ್ ಬಾಕ್ಸ್. ಟೆಸ್ಟ್ ಮಾಡುವ ಮಷಿನ್ ಇರುವುದು ಕಲಬುರಗಿಯಲ್ಲಿ, ಇಲ್ಲವೇ ಇನ್ನೂ ದೂರದಲ್ಲಿ. ಇಲ್ಲಿ ರಕ್ತ ತೆಗೆಯುತ್ತಾರೆ, ಅಷ್ಟೇ. ಅಂಥ ಒಂದು ಸೆಂಟರ್‌ನ ರಿಪೋರ್ಟ್ ನಂಬಿ ನಮ್ಮ ಅವ್ವ ಒಂದು ರಾತ್ರಿ ಐಸಿಯುನಲ್ಲಿ ಮಲಗಬೇಕಾಯಿತು. ಆಕೆಗೆ ಏನೂ ಆಗಿರಲಿಲ್ಲ.

ಅವ್ವನಿಗೆ ಶುಗರ್ ಇದೆ, ಬಿಪಿಯೂ ಇದೆ. ಆಗಾಗ ಕಿಡ್ನಿ ಟೆಸ್ಟ್ ಮಾಡಿಸಿ ಅಂತ ಡಾಕ್ಟರ್ ಹೇಳಿದ್ದರಿಂದ ತಮ್ಮ ಆಳಂದದಲ್ಲೇ ಬೆಳಗ್ಗೆ ರಕ್ತ ಕೊಡಿಸಿದ. ರಾತ್ರಿ ಊಟದ ಹೊತ್ತಿಗೆ ವಾಟ್ಸ್‌ಆ್ಯಪ್‌ಗೆ ಪಿಡಿಎಫ್ ಬಂತು. ಪೊಟ್ಯಾಶಿಯಂ 6.9, ಕೆಂಪು ಅಕ್ಷರದಲ್ಲಿ. ಇರಬೇಕಾದದ್ದು 3.5ರಿಂದ 5.1. ಹಿಂದೆಯೇ ಸೆಂಟರ್‌ನವನ ಫೋನ್: "ಪೊಟ್ಯಾಶಿಯಂ ಭಾಳ ಅದ ರೀ. ಹಾರ್ಟ್ ಬಂದ್ ಆಗ್ತದ. ತಡ ಮಾಡಬ್ಯಾಡ್ರಿ, ಈಗೇ ಕಲಬುರಗಿಗೆ ಕರ್ಕೊಂಡು ಹೋಗ್ರಿ."

ಕಾರು ಮಾಡಿಕೊಂಡು ಆ 40 ಕಿಲೋಮೀಟರ್ ತಮ್ಮ ಹೇಗೆ ಬಂದನೋ ಅವನಿಗೇ ಗೊತ್ತು. ನಾನು ಕಲಬುರಗಿಯಲ್ಲೇ ಇರುವುದರಿಂದ ಆಸ್ಪತ್ರೆ ಬಾಗಿಲಲ್ಲಿ ಕಾಯುತ್ತಿದ್ದೆ. ಅಲ್ಲಿ ರಿಪೋರ್ಟ್ ನೋಡಿದ ಕೂಡಲೇ ಅಡ್ವಾನ್ಸ್ ಕಟ್ಟಿ ಅಂದರು, ಐಸಿಯುಗೆ ಹಾಕಿದರು. ಇನ್ಸುಲಿನ್ ಮತ್ತು ಗ್ಲೂಕೋಸ್ ಡ್ರಿಪ್ ಹಾಕಲು ತಯಾರಿ ನಡೆಯಿತು. ಪೊಟ್ಯಾಶಿಯಂ ನಿಜವಾಗಿಯೂ ಏರಿದ್ದರೆ ಅದೇ ಸರಿಯಾದ ಚಿಕಿತ್ಸೆ. ಏರದವರಿಗೆ ಕೊಟ್ಟರೆ ಇದ್ದ ಪೊಟ್ಯಾಶಿಯಂ ಕೂಡ ಇಳಿದು ಅದೇ ಹೃದಯಕ್ಕೆ ತೊಂದರೆ ಆಗಬಹುದು.

ಅವತ್ತು ನೈಟ್ ಡ್ಯೂಟಿಯಲ್ಲಿದ್ದ ಡಾಕ್ಟರ್ ಇನ್ನೂ ಚಿಕ್ಕ ಹುಡುಗಿ. ಇಸಿಜಿ ನೋಡಿದರು, ನಾರ್ಮಲ್ ಇತ್ತು. ಕ್ರಿಯಾಟಿನಿನ್ 0.9, ಅಂದರೆ ಕಿಡ್ನಿಯೂ ಸರಿ. ಆಮೇಲೆ ಅವರು ಕೇಳಿದ್ದು ಒಂದೇ ಮಾತು: "ರಕ್ತ ಎಷ್ಟೊತ್ತಿಗೆ ತೆಗೆದಿದ್ರು?"

ಉತ್ತರ ರಿಪೋರ್ಟ್ ಮೇಲೇ ಇತ್ತು. ಹೆಸರು, ವಯಸ್ಸಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಪ್ರಿಂಟ್ ಆಗಿರುತ್ತದೆ. ರಕ್ತ ತೆಗೆದದ್ದು ಬೆಳಗ್ಗೆ 7.40. ಲ್ಯಾಬ್‌ಗೆ ಮುಟ್ಟಿದ್ದು ಸಂಜೆ 6.50. ಇನ್ನೂ ಕೆಳಗೆ, ಯಾರೂ ಓದದ ಜಾಗದಲ್ಲಿ, ಸ್ಯಾಂಪಲ್ ಹೀಮೋಲೈಸ್ ಆಗಿದೆ, ಅಂದರೆ ಕೆಂಪು ಕಣ ಒಡೆದಿವೆ ಅಂತ ಒಂದು ಸಾಲು. ಡಾಕ್ಟರ್ ಡ್ರಿಪ್ ನಿಲ್ಲಿಸಿ ಮತ್ತೆ ರಕ್ತ ತೆಗೆಸಿದರು. ಐಸಿಯುನಲ್ಲಿರುವ ಎಬಿಜಿ ಮಷಿನ್ (ರಕ್ತದಲ್ಲಿನ ಗ್ಯಾಸ್ ಅಳೆಯುವ ಮಷಿನ್) ಕೆಲವೇ ನಿಮಿಷದಲ್ಲಿ ಪೊಟ್ಯಾಶಿಯಂ ತೋರಿಸುತ್ತದೆ. ಬಂದದ್ದು 4.3. ಲ್ಯಾಬ್‌ಗೆ ಕಳಿಸಿದ ಸ್ಯಾಂಪಲ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ.

ಹಾಗಾದರೆ ಆ 6.9 ಎಲ್ಲಿಂದ ಬಂತು? ನಮ್ಮ ಮೈಯಲ್ಲಿರುವ ಪೊಟ್ಯಾಶಿಯಂ ಬಹುತೇಕ ಎಲ್ಲವೂ ಜೀವಕೋಶಗಳ ಒಳಗೇ ಇರುತ್ತದೆ. ಹೊರಗಿನ ನೀರಿನಲ್ಲಿ ಇರುವುದು ತೀರಾ ಸ್ವಲ್ಪ. ಟೆಸ್ಟ್ ಅಳೆಯುವುದು ಆ ಸ್ವಲ್ಪವನ್ನು. ಹಾಗಾಗಿ ಒಂದಷ್ಟು ಕೆಂಪು ಕಣ ಒಡೆದರೂ ಸಾಕು, ಅಂಕಿ ಮೇಲೇರುತ್ತದೆ. ತೋಳಿಗೆ ಪಟ್ಟಿ ಬಿಗಿದು ತುಂಬ ಹೊತ್ತು ಬಿಟ್ಟರೆ, ಮುಷ್ಟಿ ಬಿಗಿ ಮಾಡಿ ಬಿಡಿ ಅಂತ ಮತ್ತೆ ಮತ್ತೆ ಮಾಡಿಸಿದರೆ ಕಣ ಒಡೆಯದೆಯೂ ಏರಬಹುದು. ಸಿರಿಂಜ್‌ನಿಂದ ಜೋರಾಗಿ ಎಳೆದರೆ, ಟ್ಯೂಬ್ ಕುಲುಕಾಡಿದರೆ ಕಣ ಒಡೆಯುತ್ತವೆ. ರಕ್ತ ಹಾಗೇ ತುಂಬ ಹೊತ್ತು ನಿಂತರೂ ಕಣದೊಳಗಿನ ಪೊಟ್ಯಾಶಿಯಂ ಹೊರಗೆ ಸೋರುತ್ತದೆ. ಅದಕ್ಕೇ ರಕ್ತ ತೆಗೆದ ಎರಡು ಗಂಟೆಯೊಳಗೆ ಅದನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲೆ ನಿಲ್ಲುವ ತಿಳಿ ನೀರನ್ನು, ಅಂದರೆ ಸೀರಮ್ ಅನ್ನು, ಬೇರೆ ಮಾಡಬೇಕು ಅನ್ನುತ್ತಾರೆ. ಆಮೇಲೆ ಅದನ್ನು ತಣ್ಣಗಿಟ್ಟು ದೂರ ಕಳಿಸಿದರೂ ನಡೆಯುತ್ತದೆ.

ತಮ್ಮ ಹೋಗಿ ವಿಚಾರಿಸಿದಾಗ ಗೊತ್ತಾಯಿತು, ಆ ಸೆಂಟರ್‌ನಲ್ಲಿ ಸೆಂಟ್ರಿಫ್ಯೂಜೇ ಇಲ್ಲ. ಬೆಳಗ್ಗೆಯಿಂದ ಬಂದ ಟ್ಯೂಬ್‌ಗಳೆಲ್ಲ ಮಧ್ಯಾಹ್ನದವರೆಗೆ ಟೇಬಲ್ ಮೇಲೆ ನಿಂತಿರುತ್ತವೆ. ನಮ್ಮ ಕಡೆಯ ಏಪ್ರಿಲ್ ಮಧ್ಯಾಹ್ನ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ? ಆಮೇಲೆ ಐಸ್ ಬಾಕ್ಸ್, ಆಮೇಲೆ ಸಂಜೆ ಬಸ್. "ಐಸ್‌ನ್ಯಾಗೇ ಇಟ್ಟು ಕಳಸ್ತೀವ್ರಿ, ಕೆಡೂ ಮಾತೇ ಇಲ್ಲ" ಅಂದನಂತೆ. ವಿಚಿತ್ರ ಅಂದರೆ ಐಸ್‌ನಿಂದಲೇ ಇನ್ನಷ್ಟು ಕೆಡುತ್ತದೆ. ಪೊಟ್ಯಾಶಿಯಂ ಒಳಗೆ ಹಿಡಿದಿಡುವ ಪಂಪ್ ಕೆಂಪು ಕಣದಲ್ಲೇ ಇದೆ. ತಣ್ಣಗಾದರೆ ಆ ಪಂಪ್ ಕೆಲಸ ನಿಧಾನ ಮಾಡುತ್ತದೆ. ಬೇರೆ ಮಾಡದ ರಕ್ತವನ್ನು ಐಸ್‌ನಲ್ಲಿಟ್ಟರೆ ಕಣ ಒಡೆಯದಿದ್ದರೂ ಪೊಟ್ಯಾಶಿಯಂ ಸೋರುತ್ತಲೇ ಇರುತ್ತದೆ.

ಇದಕ್ಕಿಂತ ನನಗೆ ಸಿಟ್ಟು ಬಂದದ್ದು ಶುಗರ್ ವಿಷಯಕ್ಕೆ. ಅದೇ ರಿಪೋರ್ಟ್‌ನಲ್ಲಿ ಫಾಸ್ಟಿಂಗ್ ಶುಗರ್ 96 ಅಂತ ಇತ್ತು. ಅವತ್ತು ಬೆಳಗ್ಗೆ ಮನೆಯ ಗ್ಲೂಕೋಮೀಟರ್ 148 ತೋರಿಸಿತ್ತು. ಮಷಿನ್‌ಗೆ ಮಷಿನ್ ಸ್ವಲ್ಪ ಫರಕು ಇರುತ್ತದೆ, ಆದರೆ ಇಷ್ಟಲ್ಲ. ಟ್ಯೂಬ್‌ನೊಳಗೂ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಸಾಮಾನ್ಯ ತಾಪಮಾನದಲ್ಲೇ ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಕಡಿಮೆಯಾಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಅದನ್ನು ತಡೆಯಲೆಂದೇ ಶುಗರ್‌ಗೆ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್ ಇರುವುದು. ಮೊದಲ ಒಂದೆರಡು ಗಂಟೆ ಅದರಲ್ಲೂ ಸ್ವಲ್ಪ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ. ಇವರು ಎಲ್ಲ ಟೆಸ್ಟ್‌ಗೂ ಒಂದೇ ಕೆಂಪು ಮುಚ್ಚಳದ ಟ್ಯೂಬ್ ಬಳಸಿದ್ದರು. ಪೊಟ್ಯಾಶಿಯಂ ಸುಳ್ಳು ಹೇಳಿದರೆ ಜನ ಆಸ್ಪತ್ರೆಗೆ ಓಡುತ್ತಾರೆ, ಸುಳ್ಳು ಬಯಲಾಗುತ್ತದೆ. ಶುಗರ್ ಸುಳ್ಳು ಹೇಳಿದರೆ ಎಲ್ಲರಿಗೂ ಖುಷಿ. ಗುಳಿಗೆ ಕಡಿಮೆ ಮಾಡಿಸಿಕೊಂಡು ಹೋಳಿಗೆ ತಿನ್ನುತ್ತಾರೆ. ಹೀಗೆ ಎಷ್ಟು ಜನರ ಶುಗರ್ ಕಂಟ್ರೋಲ್‌ನಲ್ಲಿದೆಯೋ ದೇವರೇ ಬಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಪೊಟ್ಯಾಶಿಯಂ 6 ದಾಟಿದೆ ಅಂತ ರಿಪೋರ್ಟ್ ಬಂದರೆ, ಸುಳ್ಳಿರಬೇಕು ಬಿಡು ಅಂತ ಮನೆಯಲ್ಲಿ ಕೂರಬೇಡಿ. ಕಿಡ್ನಿ ತೊಂದರೆ ಇರುವವರಿಗೆ ಅದು ನಿಜವಾಗಿಯೂ ಏರುತ್ತದೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪಿರೋನೋಲ್ಯಾಕ್ಟೋನ್ ಥರದ ಗುಳಿಗೆ ತಗೊಳ್ಳುವವರಿಗೂ ಏರಬಹುದು. ಏರಿದರೆ ಯಾವ ಲಕ್ಷಣವೂ ಇಲ್ಲದೆ ಹೃದಯದ ಬಡಿತ ಕೆಡಬಹುದು. ರಾತ್ರಿಯೇ ಇರಲಿ, ಹೋಗಿ. ಇಸಿಜಿ ಮಾಡಿಸಿ. ಆದರೆ ಇಸಿಜಿ ಸರಿ ಇದ್ದರೆ, "ಚಿಕಿತ್ಸೆ ಶುರು ಮಾಡೋಕೆ ಮೊದಲು ಇನ್ನೊಂದು ಸಲ ರಕ್ತ ನೋಡಿ ಸರ್" ಅಂತ ಕೇಳಿ. ಹಾಗೆ ಕೇಳಿದರೆ ಒಳ್ಳೆ ಡಾಕ್ಟರ್ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ರಕ್ತ ಕೊಡುವಾಗ ಎರಡೇ ಪ್ರಶ್ನೆ ಸಾಕು: ಇಲ್ಲೇ ತಿರುಗಿಸುತ್ತೀರಾ, ಲ್ಯಾಬ್‌ಗೆ ಎಷ್ಟೊತ್ತಿಗೆ ಮುಟ್ಟುತ್ತದೆ? ಉತ್ತರ ತೊದಲಿದರೆ ಎದ್ದು ಬನ್ನಿ. ಗೋಡೆ ಮೇಲಿನ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮುದ್ರೆ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಆ ಮಾನ್ಯತೆ ಮಷಿನ್ ಇರುವ ದೊಡ್ಡ ಲ್ಯಾಬ್‌ನದ್ದಾಗಿರಬಹುದು, ಅದೂ ಇಂತಿಂಥ ಟೆಸ್ಟ್‌ಗೆ ಮಾತ್ರ ಅಂತ ಇರುತ್ತದೆ. ಕಿಡ್ನಿ ಟೆಸ್ಟ್ ಆದರೆ ಲ್ಯಾಬ್ ಇರುವ ಜಾಗಕ್ಕೇ ಹೋಗಿ ಕೊಡುವುದು ಒಳ್ಳೆಯದು. ಬಸ್ ಚಾರ್ಜ್ ಐಸಿಯು ಅಡ್ವಾನ್ಸ್‌ಗಿಂತ ಕಡಿಮೆ.

ಸೆಂಟರ್‌ನವನು ಟೆಸ್ಟ್ ದುಡ್ಡು ವಾಪಸ್ ಕೊಡಲಿಲ್ಲ. "ಮಷಿನ್ ಏನ್ ತೋರಸ್ತದ ಅದೇ ಬರೀತೀವ್ರಿ, ನಮ್ಮದೇನ್ ತಪ್ಪದ?" ಅಂದ. ಕರ್ನಾಟಕದಲ್ಲಿ ಖಾಸಗಿ ಲ್ಯಾಬ್‌ಗಳಿಗೂ 2007ರ ಕೆಪಿಎಂಇ ಕಾಯ್ದೆ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ಅನ್ವಯಿಸುತ್ತದೆ. ನೋಂದಣಿ ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಅಲ್ಲಿ ಅದು ಕಾಣಲಿಲ್ಲ. ಬಿಲ್, ಪಿಡಿಎಫ್, ಆಸ್ಪತ್ರೆಯ ಎರಡನೇ ರಿಪೋರ್ಟ್ ಮೂರನ್ನೂ ಲಗತ್ತಿಸಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಟ್ಟಿದ್ದೇವೆ. ನಿಮಗೂ ಹೀಗೇ ಆಗಿದ್ದರೆ ಪಿಡಿಎಫ್ ಅಳಿಸಬೇಡಿ. ಅದರ ಮೇಲಿನ ಎರಡು ಟೈಮ್‌ಗಳೇ ಸಾಕ್ಷಿ.