ಕಾರಿನ ಮುಂದಿನ ಗ್ಲಾಸಿಗೆ ಪಾಲಿಶ್ ಹೊಡೆಸುವ ಮುಂಚೆ ಇದನ್ನು ಓದಿ

ಗ್ಲಾಸ್ ಮೇಲಿನ ಗೀರು ತೆಗೆದುಕೊಡುತ್ತೇವೆ ಎನ್ನುವ ಡೀಟೇಲಿಂಗ್ (ಕಾರು ತೊಳೆದು, ಪಾಲಿಶ್ ಮಾಡಿಕೊಡುವ) ಅಂಗಡಿಗಳು ಈಗ ಜಾಸ್ತಿಯಾಗಿವೆ. ಅಂಥ ಒಂದು ಅಂಗಡಿಯಲ್ಲಿ ನನ್ನ ಕಾರಿಗೆ ಏನಾಯಿತು ಎಂದು ಹೇಳುತ್ತೇನೆ. ಅಂಗಡಿಯ ಹೆಸರು ಬೇಡ. ಇದೇ ಕೆಲಸವನ್ನು ಹೀಗೇ ಮಾಡುವವರು ಬೇರೆಯವರೂ ಇದ್ದಾರೆ.

ನಮ್ಮದು ಹೊಸಪೇಟೆ–ಬಳ್ಳಾರಿ ಓಡಾಟ. ತೋರಣಗಲ್ಲಿನ ಹತ್ತಿರ ಅದಿರು ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಗ್ಲಾಸ್ ಕೆಂಪಾಗಿಬಿಡುತ್ತದೆ. ಆ ಧೂಳಿನಲ್ಲಿ ಮರಳಿನ ಕಣಗಳೂ ಇರುತ್ತವೆ, ಮರಳು ಗಾಜಿಗಿಂತ ಗಟ್ಟಿ. ವೈಪರ್ ಹೋಗಿಬಂದ ದಾರಿಯಲ್ಲೇ ಕಮಾನಿನಂತೆ ಸಣ್ಣ ಸಣ್ಣ ಗೀರು ಬಿದ್ದಿದ್ದವು. ಹಗಲು ಗೊತ್ತೇ ಆಗುತ್ತಿರಲಿಲ್ಲ. ಸಂಜೆ ಬಿಸಿಲು ಎದುರಿಗೆ ಬಂದಾಗ ಮಾತ್ರ ಎಳೆ ಎಳೆಯಾಗಿ ಮಿಂಚುತ್ತಿದ್ದವು.

"ಗ್ಲಾಸ್ ಬದಲಾಯಿಸೋಕೆ ಸುಮ್ನೆ ಯಾಕೆ ದುಡ್ಡು ಹಾಕ್ತೀರಿ ಸರ್? ಹೊಸದರ ಥರ ಮಾಡಿ ಕೊಡ್ತೀವಿ" ಎಂದರು ಮಾಲೀಕರು. ಕೆಲಸದ ಹುಡುಗ ಒಂದು ಡಬ್ಬಿಯಲ್ಲಿ ತಿಳಿಗುಲಾಬಿ ಬಣ್ಣದ ಪುಡಿಗೆ ನೀರು ಹಾಕಿ ಕಲಸಿದ. ಅದು ಸೀರಿಯಂ ಆಕ್ಸೈಡ್. ಪುಡಿಯಲ್ಲಿ ತಪ್ಪಿಲ್ಲ, ಗಾಜು ಪಾಲಿಶ್ ಮಾಡುವವರು ಬಳಸುವುದು ಅದನ್ನೇ. ಆದರೆ ಆಗಾಗ ನೀರು ಹಾಕುತ್ತಿರಬೇಕು, ಪ್ಯಾಡ್ ತಿರುಗಿಸಿ ಉಜ್ಜುವ ಮಷಿನ್ ಒಂದೇ ಕಡೆ ನಿಲ್ಲಬಾರದು, ನಡುನಡುವೆ ನಿಲ್ಲಿಸಿ ಗ್ಲಾಸ್ ಮುಟ್ಟಿ ಬಿಸಿ ನೋಡಬೇಕು. ಈ ಹುಡುಗ ಫೋನನ್ನು ಭುಜಕ್ಕೂ ಕಿವಿಗೂ ಮಧ್ಯೆ ಸಿಕ್ಕಿಸಿಕೊಂಡು, ಡ್ರೈವರ್ ಕಣ್ಣಿನ ನೇರಕ್ಕೇ ಪ್ಯಾಡ್ ಒತ್ತಿ ಹಿಡಿದಿದ್ದ. ಪೇಸ್ಟ್ ಒಣಗಿ ಪುಡಿಪುಡಿಯಾಗಿ ಬಾನೆಟ್ ಮೇಲೆ ಉದುರುತ್ತಿತ್ತು. ನೀರು ಹಾಕಪ್ಪಾ ಎಂದರೆ, "ಏನೂ ಆಗಲ್ಲ ಸರ್, ದಿನಾ ಮಾಡ್ತೀವಿ."

ಗೀರು ಹೋಯಿತು, ಸುಳ್ಳು ಹೇಳಬಾರದು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಗ್ಲಾಸ್ ಫಳಫಳ ಹೊಳೆಯುತ್ತಿತ್ತು. ಹೈವೇಗೆ ಬಂದರೆ ರಸ್ತೆಯ ಬಿಳಿ ಗೆರೆ ಒಂದು ಜಾಗದಲ್ಲಿ ಸೊಂಟ ಮುರಿದವರ ಹಾಗೆ ಬಾಗಿದೆ. ತಲೆ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಆ ಬಾಗೂ ಜೊತೆಗೇ ಸರಿಯುತ್ತದೆ. ಕರೆಂಟ್ ಕಂಬಗಳ ಕಥೆಯೂ ಅದೇ. ಕತ್ತಲಾದ ಮೇಲೆ ಎದುರು ಬರುವ ಲಾರಿಯ ಒಂದೊಂದು ಹೆಡ್‌ಲೈಟೂ ಒಡೆದು ಎರಡಾಗಿ ಕಾಣತೊಡಗಿತು. ಪಕ್ಕದಲ್ಲಿ ಕೂತಿದ್ದ ತಮ್ಮನಿಗೆ ಎಲ್ಲ ಸರಿಯಾಗೇ ಇತ್ತು, ಅವನ ಎದುರಿನ ಗ್ಲಾಸಿಗೆ ಮಷಿನ್ ಮುಟ್ಟಿರಲಿಲ್ಲವಲ್ಲ.

ಪಾಲಿಶ್ ಎಂದರೆ ಗೀರನ್ನು ತುಂಬುವುದಲ್ಲ. ಗೀರಿನ ತಳ ಎಲ್ಲಿದೆಯೋ ಅಲ್ಲಿಯವರೆಗೆ ಸುತ್ತಲಿನ ಗಾಜನ್ನು ಸವೆಸುವುದು. ಒಂದೇ ಕಡೆ ಸವೆಸಿದರೆ ತಗ್ಗು ಬೀಳುತ್ತದೆ, ಆ ತಗ್ಗು ಲೆನ್ಸ್ ಆಗಿಬಿಡುತ್ತದೆ. ಅದೂ ಅಲ್ಲದೆ ಮುಂದಿನದು ಒಂದೇ ಗಾಜಲ್ಲ. ಸುಮಾರು 2 ಮಿ.ಮೀ. ದಪ್ಪದ ಎರಡು ಗಾಜು, ಮಧ್ಯೆ ಪಿವಿಬಿ ಎಂಬ ತೆಳು ಪ್ಲಾಸ್ಟಿಕ್ ಪದರ. ಕಲ್ಲು ಬಡಿದಾಗ ಚೂರುಗಳು ಮುಖಕ್ಕೆ ಎರಚದಂತೆ ಹಿಡಿದುಕೊಳ್ಳುವುದು ಈ ಪದರವೇ. ಒಣ ಪ್ಯಾಡ್ ಉಜ್ಜಿ ಒಂದೇ ಜಾಗ ಕಾದರೆ ಗಾಜು ಬಿರುಕು ಬಿಡಬಹುದು. ನಮ್ಮದು ಬಿರುಕು ಬಿಡಲಿಲ್ಲ, ಅಷ್ಟೇ ಪುಣ್ಯ.

ವಾಪಸ್ ಹೋಗಿ ಹೇಳಿದರೆ ಮಾಲೀಕರು, "ಕಣ್ಣು ಒಂದ್ಸಲ ಚೆಕ್ ಮಾಡಿಸ್ಕೊಳ್ಳಿ ಸರ್" ಎಂದರು. ಅವರನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿ, ಎದುರಿನ ಅಂಗಡಿಯ ಶಟರ್ ನೋಡಿ ಎಂದೆ. ಶಟರಿನ ಅಡ್ಡಪಟ್ಟಿಗಳು ಅವರಿಗೂ ಡೊಂಕಾಗಿ ಕಂಡವು. ಸ್ವಲ್ಪ ಹೊತ್ತು ಸುಮ್ಮನಿದ್ದು ಬಿಲ್ ತಿರುಗಿಸಿ ತೋರಿಸಿದರು. ಹಿಂದೆ ಸಣ್ಣ ಅಕ್ಷರದಲ್ಲಿ, ಗಾಜಿನ ಕೆಲಸಕ್ಕೆ ಗ್ಯಾರಂಟಿ ಇಲ್ಲ. "ಬೇಕಾದ್ರೆ ಇನ್ನೊಂದು ರೌಂಡ್ ಪಾಲಿಶ್ ಫ್ರೀ" ಎಂದರು! ತಗ್ಗನ್ನು ಇನ್ನಷ್ಟು ಅಗೆದರೆ ಸಮವಾಗುತ್ತದಾ?

ಇನ್ಶೂರೆನ್ಸ್‌ನಿಂದಲೂ ಏನೂ ಸಿಗಲಿಲ್ಲ. ಕಲ್ಲು ಬಿದ್ದು ಗ್ಲಾಸ್ ಒಡೆದಿದ್ದರೆ ಕಾಂಪ್ರಿಹೆನ್ಸಿವ್ ಪಾಲಿಸಿಯಲ್ಲಿ ಕ್ಲೇಮ್ ಆಗುತ್ತಿತ್ತು, ಗಾಜಿನ ಭಾಗಕ್ಕೆ ಹಳೆಯದಾಯಿತೆಂದು ಸವಕಳಿಯನ್ನೂ (ಡಿಪ್ರಿಸಿಯೇಷನ್) ಕಳೆಯುವುದಿಲ್ಲ. ಅಂಗಡಿಯವರು ಉಜ್ಜಿ ಕೆಡಿಸಿದ್ದು ಅಪಘಾತದ ಲೆಕ್ಕಕ್ಕೆ ಬರುವುದಿಲ್ಲ. ಕೊನೆಗೆ ಪಾಲಿಶ್ ದುಡ್ಡೂ ಹೋಯಿತು, ಹೊಸ ಗ್ಲಾಸಿನ ದುಡ್ಡೂ ಹೋಯಿತು. ಗ್ಲಾಸಿನ ಹಿಂದೆ ಕ್ಯಾಮೆರಾ ಇರುವ ಈಗಿನ ಕಾರುಗಳಲ್ಲಿ ಗ್ಲಾಸ್ ಬದಲಾಯಿಸಿದ ಮೇಲೆ ಕ್ಯಾಮೆರಾವನ್ನೂ ಮತ್ತೆ ಸೆಟ್ ಮಾಡಿಸಬೇಕಾಗುತ್ತದೆ, ಆ ಖರ್ಚು ಬೇರೆ.

ನಿಮ್ಮ ಗ್ಲಾಸಿನಲ್ಲಿ ಇರುವುದು ನಿಜವಾಗಿಯೂ ಗೀರೇ ಎಂದು ಮೊದಲು ನೋಡಿ. ಬೋರ್‌ವೆಲ್ ನೀರಿನ ಉಪ್ಪಿನ ಕಲೆ, ಹಳೇ ವೈಪರ್ ರಬ್ಬರಿನ ಜಿಡ್ಡು ಕೂಡ ಬಿಸಿಲಿನಲ್ಲಿ ಗೀರಿನಂತೆಯೇ ಕಾಣುತ್ತವೆ. ಚೆನ್ನಾಗಿ ತೊಳೆದು, ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿದರೆ ಎಷ್ಟೋ ಸಲ ಅರ್ಧ ಹೋಗಿಬಿಡುತ್ತದೆ. ಟೂತ್‌ಪೇಸ್ಟ್ ಹಚ್ಚಿ ಟೈಮ್ ಹಾಳು ಮಾಡಬೇಡಿ. ಉಗುರಿಗೆ ಸಿಗುವಷ್ಟು ಆಳದ ಗೀರಾದರೆ ಯಾರು ಏನೇ ಹೇಳಲಿ, ಪಾಲಿಶ್ ಬೇಡ. ಉಗುರಿಗೆ ಸಿಗದ, ರಾತ್ರಿ ಕಣ್ಣಿಗೆ ಹೊಡೆಯದ ಗೀರಾದರೆ ಹಾಗೇ ಇರಲಿ ಬಿಡಿ.

ಇಷ್ಟಾದರೂ ಮಾಡಿಸಲೇಬೇಕು ಎನ್ನುವವರು ಡ್ರೈವರ್ ಎದುರಿನ ಜಾಗಕ್ಕೆ ಮಷಿನ್ ಹಚ್ಚಲು ಬಿಡಬೇಡಿ. ದುಡ್ಡು ಕೊಡುವ ಮೊದಲು ಒಳಗೆ ಕೂತು ಶಟರೋ ಕಂಬವೋ ಯಾವುದಾದರೂ ನೇರ ಗೆರೆ ನೋಡಿ, ತಲೆ ಅತ್ತಿತ್ತ ಆಡಿಸಿ. ಗೆರೆ ಅಲುಗಿದರೆ ಅಂಗಡಿಯವರಿಗೂ ಅಲ್ಲೇ ತೋರಿಸಿ, ಬಿಲ್ ಮೇಲೆ ಅವರ ಕೈಯಲ್ಲೇ ಬರೆಸಿಕೊಳ್ಳಿ.