ಮಾನ್ಯತೆ ರದ್ದಾದ ಆದೇಶ ಬಂದರೆ ಲಕೋಟೆಯನ್ನು ಎಸೆಯಬೇಡಿ
ನಮ್ಮ ಟ್ರಸ್ಟಿನ ಬಿ.ಎಡ್. ಕಾಲೇಜಿನ ಮಾನ್ಯತೆಯನ್ನು ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) ರದ್ದು ಮಾಡಿದೆ. ಅದಕ್ಕಿಂತ ಮೇಲ್ಮನವಿ ಕೈತಪ್ಪಿಹೋದ ಬಗೆ ನನ್ನನ್ನು ಹೆಚ್ಚು ಸುಡುತ್ತಿದೆ. ಕೊಡಗಿನ ಬೇರೆ ಸಂಸ್ಥೆಯವರಿಗಾದರೂ ಈ ಗತಿ ಬರಬಾರದೆಂದು ಬರೆಯುತ್ತಿದ್ದೇನೆ.

ಆದೇಶ ಬಂದದ್ದು ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ. ಅದರಲ್ಲಿ ನಮ್ಮ ಮೂರು ಲೋಪಗಳನ್ನು ಪಟ್ಟಿ ಮಾಡಿದ್ದರು: ವಿಶ್ವವಿದ್ಯಾಲಯ ಅನುಮೋದಿಸಿದ ಬೋಧಕರ ಪಟ್ಟಿ ಇಲ್ಲ, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಇಲ್ಲ, ಜಮೀನಿನ ದಾಖಲೆ ಸರಿಯಿಲ್ಲ. ಮೊದಲೆರಡು ನಮ್ಮ ಬೀರುವಿನಲ್ಲೇ ಇದ್ದವು. ಮೂರನೆಯದು ಜಮ್ಮಾ ಜಮೀನಿನ, ಅಂದರೆ ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬರುವ ಹಿಡುವಳಿಯ, ತೊಡಕು. ಜಾಗ ಟ್ರಸ್ಟಿಗೆ ಬಂದ ಮೇಲೂ ಪಹಣಿಯಲ್ಲಿ ಹಳೆಯ ಪಟ್ಟೆದಾರರ (ಕುಟುಂಬದ ಪರವಾಗಿ ದಾಖಲೆಯಲ್ಲಿರುವ ಹಿರಿಯರ) ಹೆಸರೇ ಉಳಿದಿತ್ತು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಿಲ್ಲಿಯಲ್ಲಿ ಕುಳಿತ ಪರಿಷತ್ತಿನವರಿಗೆ ಹೇಳಲೇಬೇಕಿತ್ತು.

ಆಗ ಪರಿಚಯದವರೊಬ್ಬರ ಮೂಲಕ ಬೆಂಗಳೂರಿನ ಮಧ್ಯವರ್ತಿಯೊಬ್ಬ ಸಿಕ್ಕ. "ಆದೇಶ ಕೈಸೇರಿದ ದಿನದಿಂದ ಎರಡು ತಿಂಗಳು ಇದೆ ಸರ್, ನನಗೆ ಬಿಡಿ" ಎಂದು 75,000 ರೂಪಾಯಿ ತೆಗೆದುಕೊಂಡ. ಅದು ತಪ್ಪು ಲೆಕ್ಕ. ಅಧ್ಯಾಪಕ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ 1993ರ ಕಾಯಿದೆಯ 18ನೇ ಸೆಕ್ಷನ್ ಮೇಲ್ಮನವಿಗೆ ಅವಕಾಶ ಕೊಡುತ್ತದೆ. ನಿಯಮದ ಪ್ರಕಾರ ಗಡುವು, ಆದೇಶ ಹೊರಟ ದಿನದಿಂದ 60 ದಿನ.

ತಿಂಗಳಾದ ಮೇಲೆ ಅವನು ಅರ್ಜಿಯ ಚಿತ್ರವೊಂದನ್ನು ಮೊಬೈಲಿಗೆ ಕಳುಹಿಸಿದ. ಟ್ರಸ್ಟಿನ ಹೆಸರು ಕಂಡು ನಂಬಿದೆ. ಮಡಿಕೇರಿಯ ವಕೀಲರು ಅದನ್ನು ಹಿಗ್ಗಿಸಿ ನೋಡಿದಾಗ ನೋಂದಣಿ ಸಂಖ್ಯೆಯ ಜಾಗ ಖಾಲಿ, ಶುಲ್ಕದ ಅಂಕಣವೂ ಖಾಲಿ. ಅರ್ಜಿ ಸಲ್ಲಿಕೆಯೇ ಆಗಿರಲಿಲ್ಲ. ಅಷ್ಟರಲ್ಲಿ ಗಡುವು ದಾಟಿತ್ತು.

ಸಕಾರಣ ತೋರಿಸಿದರೆ ತಡವಾದ ಮೇಲ್ಮನವಿಯನ್ನೂ ಸ್ವೀಕರಿಸಬಹುದೆಂದು ಅದೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ತಡವಾಗಿಯೇ ಮೇಲ್ಮನವಿ ಸಲ್ಲಿಸಿ, ಮಳೆಯಿಂದ ಆದೇಶದ ಅಂಚೆ ತಡವಾಯಿತು ಎಂದೆವು. ಪರಿಷತ್ತಿನವರು ಪುರಾವೆ ಕೇಳಿದರು. ನೆನೆದು ಮುದ್ದೆಯಾಗಿದ್ದ ಲಕೋಟೆಯನ್ನು ಅಂದೇ ಕಚೇರಿಯಲ್ಲಿ ಎಸೆದಿದ್ದರು. ಅಂಚೆಯ ಮುದ್ರೆಯೂ ಅದರೊಂದಿಗೇ ಹೋಯಿತು. ಆವಕ ಪುಸ್ತಕದಲ್ಲಿ ನಮೂದೂ ಇರಲಿಲ್ಲ. ವಿಳಂಬದ ಕಾರಣಕ್ಕೆ ಮೇಲ್ಮನವಿ ತಿರಸ್ಕೃತವಾಯಿತು. ಬೀರುವಿನ ದಾಖಲೆಗಳನ್ನು ಯಾರೂ ತೆರೆದು ನೋಡಲೇ ಇಲ್ಲ.

ಪೋಷಕರಿಗೊಂದು ಮಾತು. ಇಂತಹ ಆದೇಶ ತಲುಪಿದ ದಿನವೇ ಜಾರಿಗೆ ಬರುವುದಿಲ್ಲ. ಅದು ತಲುಪಿದ ನಂತರದ ಶೈಕ್ಷಣಿಕ ಅವಧಿ ಮುಗಿದ ಮೇಲೆ ಜಾರಿಯಾಗುತ್ತದೆ. ಆದರೆ ಮಾನ್ಯತೆ ಹೋದ ಮೇಲೆ ಪಡೆದ ಪದವಿ ಸರ್ಕಾರಿ ಶಿಕ್ಷಕರ ಹುದ್ದೆಗೆ ಬರುವುದಿಲ್ಲ. "ಮೇಲ್ಮನವಿ ಹಾಕಿದ್ದೇವಲ್ಲ, ಹೊಸಬರನ್ನು ಸೇರಿಸಿಕೊಳ್ಳಿ" ಎಂದು ಆ ಮಧ್ಯವರ್ತಿ ಹೇಳಿದ್ದ. ನಾವು ಒಪ್ಪಲಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಯಿಂದ ತಂದೆಯೊಬ್ಬರು ಮಗಳನ್ನು ಕರೆದುಕೊಂಡು, ಶುಲ್ಕದ ಹಣವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದಿದ್ದರು. ಅವರನ್ನು ಮಳೆಯಲ್ಲೇ ವಾಪಸ್ ಕಳುಹಿಸಿದೆ. ಆ ಹುಡುಗಿಯ ಮುಖ ಇನ್ನೂ ಕಣ್ಣ ಮುಂದಿದೆ.

ಈಗ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದ್ದೇವೆ. ಅದೇ ಮಧ್ಯವರ್ತಿ ಜಿಲ್ಲೆಯ ಇನ್ನೊಂದು ಸಂಸ್ಥೆಯ ಬಾಗಿಲಿಗೂ ಹೋಗಿದ್ದಾನೆಂದು ಕೇಳಿದೆ. ದಯವಿಟ್ಟು, ಅರ್ಜಿಯ ನೋಂದಣಿ ಸಂಖ್ಯೆ ಮತ್ತು ಶುಲ್ಕದ ರಸೀದಿಯನ್ನು ಕಣ್ಣಾರೆ ನೋಡದೆ ಅವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.